ಶೀಲ್ಡ್ ಬಿಟ್ಟು ಟ್ಯಾಂಕ್ ಮಾಡಿದ ನನ್ನ ಅನುಭವ

ವಾವ್ ಕ್ಲಾಸಿಕ್ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಆಟ) ಆಡುವಾಗ ಎರಡೂ ಕೈಗೆ ಕತ್ತಿ ಹಿಡಿದು ಮೇನ್ ಟ್ಯಾಂಕ್, ಅಂದರೆ ಬಾಸ್‌ನ ಏಟು ತಾನೇ ತಿಂದು ತಂಡವನ್ನು ಕಾಯುವ ವಾರಿಯರ್, ಆಗ್ತೀನಿ ಅಂದಾಗ ಗಿಲ್ಡ್‌ನಲ್ಲಿ (ಆಟದ ನಮ್ಮ ಸಂಘ) ಯಾರೂ ಒಪ್ಪಲಿಲ್ಲ. ಹೀಲ್ ಮಾಡುವ ಪ್ರೀಸ್ಟ್ ಆಡುತ್ತಿದ್ದ ನನ್ನ ಗೆಳೆಯನೇ "ಮಗಾ, ಟ್ಯಾಂಕ್ ಅಂದ್ರೆ ಸ್ಟ್ಯಾಮಿನಾ, ಡಿಫೆನ್ಸ್. ನಿನ್ನ ಡ್ಯಾಮೇಜ್ ಯಾರಿಗೆ ಬೇಕು?" ಅಂದ. ಈಗ ಗಿಲ್ಡ್‌ನ ಬೇರೆ ವಾರಿಯರ್‌ಗಳೂ ಇದೇ ಬಿಲ್ಡ್ ಹಾಕಿಕೊಂಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಡಿಫೆನ್ಸ್ 440 ಮುಟ್ಟಿಸಿ, ಶೀಲ್ಡ್ ಹಿಡಿದು ನಿಂತವನೇ. ಸಾಯುತ್ತಿರಲಿಲ್ಲ, ನಿಜ. ಆದರೆ ಮೇಜ್‌ಗಳು (ದೂರದಿಂದ ಮಂತ್ರ ಹೊಡೆಯುವವರು) ಕೈಕಟ್ಟಿ ಕಾಯಬೇಕಿತ್ತು. ಸ್ವಲ್ಪ ಜೋರಾಗಿ ಹೊಡೆದರೆ ಅವರ ಥ್ರೆಟ್ (ಬಾಸ್ ಯಾರ ಕಡೆ ತಿರುಗಬೇಕು ಅನ್ನೋ ಲೆಕ್ಕ) ನನ್ನದರ 130% ದಾಟಿ ಬಾಸ್ ಅವರ ಕಡೆ ತಿರುಗುತ್ತಿತ್ತು. ಎಲ್ಲರೂ ನಿಧಾನ ಮಾಡಿದರೆ ಫೈಟ್ ಉದ್ದ ಆಗುತ್ತದೆ, ಹೀಲರ್‌ಗಳ ಮಾನಾ ಖಾಲಿ, ಆಮೇಲೆ ನಾನೂ ಖಾಲಿ. ಬಾಸ್ ಎಷ್ಟು ಹೊತ್ತು ಬದುಕಿರುತ್ತೋ ಅಷ್ಟು ಹೊತ್ತು ಏಟು ತಿನ್ನುವವನು ನಾನೇ ಅಲ್ವಾ?

ಟ್ಯಾಲೆಂಟ್ ಪಾಯಿಂಟ್ 31 ಫ್ಯೂರಿಗೆ (ಹೊಡೆಯುವ ಶಾಖೆ), ಉಳಿದ 20 ಪ್ರೊಟೆಕ್ಷನ್‌ಗೆ (ಕಾಯುವ ಶಾಖೆ) ಹಾಕಿದೆ. ಬ್ಲಡ್‌ಥರ್ಸ್ಟ್ ಅನ್ನೋ ದೊಡ್ಡ ಏಟು ಬೇಕು, ಡಿಫೈಯನ್ಸ್‌ನ 15% ಥ್ರೆಟ್ ಕೂಡ ಬೇಕು. ಆಮೇಲೆ ಸಿಕ್ಕ ಸ್ಟ್ರೆಂತ್ ಎಲ್ಲಾ ಪೇರಿಸಿದೆ. ಒಂದು ಸ್ಟ್ರೆಂತ್‌ಗೆ 2 ಅಟ್ಯಾಕ್ ಪವರ್, ಲೆಕ್ಕ ಚೆನ್ನಾಗಿತ್ತು. ಮೊಲ್ಟನ್ ಕೋರ್ ರೇಡ್‌ನಲ್ಲಿ (ದೊಡ್ಡ ತಂಡ ಕಟ್ಟಿ ಬಾಸ್‌ಗಳನ್ನು ಹೊಡೆಯುವ ಜಾಗ) ಕೆಲಸಕ್ಕೆ ಬರಲಿಲ್ಲ. ಬಾಸ್ ಲೆವೆಲ್ 63, ಎರಡು ಕತ್ತಿ ಹಿಡಿದರೆ ತಾನಾಗಿ ಬೀಳುವ ಆಟೋ ಏಟುಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಮಿಸ್. ಮಿಸ್ ಆದರೆ ರೇಜ್ (ವಾರಿಯರ್‌ನ ಏಟುಗಳಿಗೆ ಬೇಕಾದ ಇಂಧನ) ಇಲ್ಲ, ರೇಜ್ ಇಲ್ಲದೆ ಸ್ಟ್ರೆಂತ್ ಇಟ್ಟುಕೊಂಡು ಏನು ಮಾಡೋದು? ಎರಡು ವಾರ ರೇಡ್ ಲೀಡರ್ ಹತ್ತಿರ ಬೈಸಿಕೊಂಡೆ.

ದಾರಿ ಸಿಕ್ಕಿದ್ದು ಹಿಟ್ (ಏಟು ತಾಗುವ ಸಾಧ್ಯತೆ) ಮತ್ತು ವೆಪನ್ ಸ್ಕಿಲ್‌ನಲ್ಲಿ (ಆಯುಧದ ಪಳಗಿಕೆ). ನನ್ನದು ಹ್ಯೂಮನ್, ಕತ್ತಿ ಹಿಡಿದರೆ ಸ್ಕಿಲ್ 305. ಅಲ್ಲಿಗೆ ಬಟನ್ ಒತ್ತಿ ಹೊಡೆಯುವ ವಿಶೇಷ ಏಟುಗಳಿಗೆ ಬೇಕಾದ ಹಿಟ್ 9ರಿಂದ 6%ಗೆ ಇಳಿಯುತ್ತದೆ, ಗ್ಲಾನ್ಸಿಂಗ್ (ಅರೆಬರೆ ತಾಗುವ) ಏಟಿನ ನಷ್ಟ ಸುಮಾರು 35ರಿಂದ 15%ಗೆ ಇಳಿಯುತ್ತದೆ. ಮೊದಲು ಆ 6%, ಆಮೇಲೆ ಕ್ರಿಟ್ (ದುಪ್ಪಟ್ಟು ಏಟಿನ ಸಾಧ್ಯತೆ), ಆಮೇಲೆ ಸ್ಟ್ರೆಂತ್. ಈ ಕ್ರಮ ಹಿಡಿದ ಮೇಲೆ ಬ್ಲಡ್‌ಥರ್ಸ್ಟ್ 550ರ ಆಸುಪಾಸು ಬೀಳತೊಡಗಿತು, ಕ್ರಿಟ್ ಆದರೆ ಸಾವಿರದ ಮೇಲೆ. ಟ್ಯಾಂಕ್‌ಗಳ ಮಾಮೂಲಿ ಏಟು ಸಂಡರ್‌ನ ಥ್ರೆಟ್ 260 ಚಿಲ್ಲರೆ ಅಷ್ಟೇ.

ಖರ್ಚಿನ ಮಾತು. ಲಯನ್‌ಹಾರ್ಟ್ ಹೆಲ್ಮ್‌ಗೆ 18 ಸ್ಟ್ರೆಂತ್, 2% ಹಿಟ್, 2% ಕ್ರಿಟ್. ಅದರ ಆರ್ಕನೈಟ್ ಬಾರ್‌ಗಳಿಗೇ ಜೇಬು ಖಾಲಿ, ಎಲ್ಲಾ ಸೇರಿ ಐನೂರು ಗೋಲ್ಡ್ ದಾಟಿತು. ವಾರದ ಮಂಗೂಸ್, ಜೂಜು ಪವರ್‌ನಂಥ ತಾತ್ಕಾಲಿಕ ಬಲದ ಸಾಮಾನಿಗೆ ಇನ್ನೊಂದು ಅರವತ್ತು ಎಪ್ಪತ್ತು. ಮೇಲೆ ಆಟದ ಚಂದಾ ತಿಂಗಳಿಗೆ 15 ಡಾಲರ್, ನಮ್ಮ ಸಾವಿರ ರೂಪಾಯಿ ಚಿಲ್ಲರೆ. ಯುರೋಪ್ ಸರ್ವರ್ ಬೇರೆ, ಅಲ್ಲಿ ರಾತ್ರಿ ಎಂಟಕ್ಕೆ ರೇಡ್ ಅಂದರೆ ನಮ್ಮಲ್ಲಿ ಮಧ್ಯರಾತ್ರಿಯ ಆಸುಪಾಸು.

ನಡುವೆ ರೋಗ್‌ಗಳ ಲೆದರ್ ಹಾಕಿ ಅಜಿಲಿಟಿ ಕೂಡ ನೋಡಿದೆ. 20ಕ್ಕೆ 1% ಕ್ರಿಟ್, ಜೊತೆಗೆ ಡಾಡ್ಜ್. ಥ್ರೆಟ್ ಚೆನ್ನಾಗಿ ಬಂತು, ಆರ್ಮರ್ ಕುಸಿಯಿತು. ಒಂದೆರಡು ಪೀಸ್ ಸಾಕು. ಸ್ಟ್ಯಾಮಿನಾ ಟ್ರಿಂಕೆಟ್ ಸುಮ್ನೆ ಜಾಗ ತಿನ್ನುತ್ತದೆ: 30 ಸ್ಟ್ಯಾಮಿನಾ ಅಂದರೆ 300 ಹೆಲ್ತ್, ಬಾಸ್‌ನ ಒಂದು ದೊಡ್ಡ ಕ್ರಶಿಂಗ್ ಏಟಿಗೂ ಸಾಲಲ್ಲ.

ಎಲ್ಲರ ಬಾಯಿ ಮುಚ್ಚಿಸಿದ್ದು ವೇಲಸ್ಟ್ರಾಜ್. 2020ರ ಫೆಬ್ರವರಿಯಲ್ಲಿ ಬ್ಲ್ಯಾಕ್‌ವಿಂಗ್ ಲೇರ್ ರೇಡ್ ತೆರೆಯಿತಲ್ಲ, ಅಲ್ಲಿಯ ಎರಡನೇ ಬಾಸ್. ಶುರುವಿನಲ್ಲೇ ಎಲ್ಲರಿಗೂ ಮೂರು ನಿಮಿಷ ರೇಜ್, ಮಾನಾ ಸುರಿಯುತ್ತಾನೆ, ಹಾಗಾಗಿ ಯಾರೂ ಕೈ ತಡೆಯಲ್ಲ. 45 ಸೆಕೆಂಡಿಗೊಮ್ಮೆ ಟ್ಯಾಂಕ್‌ಗೆ ಬರ್ನಿಂಗ್ ಅಡ್ರಿನಲಿನ್ ಅನ್ನೋ ಮಾರಕ ಶಾಪ, ಆ ಟ್ಯಾಂಕ್‌ನ ಕಥೆ ಮುಗಿದ ಹಾಗೆ. ಅವನು ಬಿದ್ದಾಗ ಥ್ರೆಟ್‌ನಲ್ಲಿ ಎರಡನೆಯವನು ಟ್ಯಾಂಕೇ ಆಗಿರಬೇಕು, ಇಲ್ಲದಿದ್ದರೆ ಬಾಸ್‌ನ ಬೆಂಕಿ ಉಳಿದ ತಂಡದ ಕಡೆ ತಿರುಗುತ್ತದೆ. ಶೀಲ್ಡ್ ಹಿಡಿದವರಿಗೆ ಮೇಜ್‌ಗಳನ್ನು ಹಿಂದಿಡಲು ಆಗುತ್ತಿರಲಿಲ್ಲ. ನಾನು ಎರಡನೆಯವನಾಗಿ ನಿಂತ ರಾತ್ರಿ ಥ್ರೆಟ್ ಮೀಟರ್‌ನಲ್ಲಿ ನನ್ನ ಕೆಳಗಿನವನು ನನ್ನದರ 80% ಕೂಡ ಮುಟ್ಟಲಿಲ್ಲ. ಬಾಸ್ ಆರಾಮಾಗಿ ಬಿದ್ದ.

ರೇಜ್ ಕಮ್ಮಿ ಇದ್ದಾಗ ಹೀರೋಯಿಕ್ ಸ್ಟ್ರೈಕ್ ಜೊತೆ ಮಾಡುವ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಕಾಂಬ್ಯಾಟ್ ಲಾಗ್ ಇಟ್ಟುಕೊಂಡು ಒಂದು ಸಂಜೆ ಕೂತರೆ ನಿಮಗೇ ಸಿಗುತ್ತದೆ.

ಪ್ಯಾರಿ (ನಮ್ಮ ಏಟನ್ನು ಬಾಸ್ ಆಯುಧದಿಂದ ತಡೆಯೋದು) ಬಗ್ಗೆ ಕೇಳುತ್ತೀರಿ, ಗೊತ್ತು. ಎದುರು ನಿಂತು ಜಾಸ್ತಿ ಏಟು ಹೊಡೆದರೆ ಬಾಸ್ ಜಾಸ್ತಿ ಪ್ಯಾರಿ ಮಾಡಿ ಬೇಗ ತಿರುಗಿ ಹೊಡೆಯುತ್ತದೆ, ನಿಜ. ಅದಕ್ಕೆ ನನ್ನ ಬಾರ್‌ನಲ್ಲಿ ಶೀಲ್ಡ್ ಮ್ಯಾಕ್ರೋ (ಒಂದೇ ಒತ್ತಿಗೆ ಶೀಲ್ಡ್ ಹಿಡಿಸುವ ಬಟನ್) ಯಾವಾಗಲೂ ಇರುತ್ತದೆ. ಹೆಲ್ತ್ ಅರ್ಧಕ್ಕಿಂತ ಕೆಳಗಿಳಿದರೆ ಒತ್ತುತ್ತೇನೆ, ಹೀಲ್ ಬಂದ ತಕ್ಷಣ ಮತ್ತೆ ಕತ್ತಿ.