ಕಾಲಿಗಿಂತ ಮೊದಲು ನೆಲ ನೋಡಿ: ಮರಳು ಚಿಗಟದ ಊರಲ್ಲಿ ನನ್ನ ಅನುಭವ

ಕೀನ್ಯಾದ ಕರಾವಳಿಯ ಕಿಲಿಫಿ ಕಡೆ ನರ್ಸ್ ಆಗಿ ಕೆಲಸ ಮಾಡುವಾಗ ನನಗೊಂದು ಅಭ್ಯಾಸ ಬೆಳೆಯಿತು. ಮರಳು ಚಿಗಟದ ತೊಂದರೆ ಅಂತ ಯಾರ ಮನೆಯಿಂದ ಕರೆ ಬಂದರೂ, ಮಕ್ಕಳು ಮಲಗುವ ಜಾಗ ತೋರಿಸಿ ಅಂತ ಮೊದಲು ಕೇಳುತ್ತಿದ್ದೆ. ಕಾಲು ನೋಡುವುದು ಆಮೇಲೆ. ಚಾಪೆ ಎತ್ತಿ ಕೆಳಗಿನ ಮಣ್ಣನ್ನು ಬೆರಳಲ್ಲಿ ಕೆದಕುತ್ತಿದ್ದೆ. ಮಣ್ಣು ಒಣಗಿ ಹುಡಿಹುಡಿಯಾಗಿದ್ದರೆ ಚಿಗಟದ ಮರಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ.

ಅಲ್ಲಿಯವರು ಈ ಚಿಗಟವನ್ನು ಫುಂಜಾ ಅನ್ನುತ್ತಾರೆ. ಇದರ ಉದ್ದ ಒಂದು ಮಿಲಿಮೀಟರ್ ಅಷ್ಟೇ. ಹೆಣ್ಣು ಚಿಗಟ ಚರ್ಮದೊಳಗೆ ತೂರಿಕೊಂಡು, ರಕ್ತ ಕುಡಿದು, ಬಟಾಣಿ ಕಾಳಿನಷ್ಟು ಉಬ್ಬುತ್ತದೆ. ಹಿಂಭಾಗದ ತುದಿ ಮಾತ್ರ ಹೊರಗಿರುತ್ತದೆ. ಉಸಿರಾಡುವುದು, ಮೊಟ್ಟೆ ಹಾಕುವುದು ಎಲ್ಲಾ ಅಲ್ಲಿಂದಲೇ. ಭೂತಗನ್ನಡಿ ಹಿಡಿದರೆ ಬಿಳಿ ಬಿಲ್ಲೆ, ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಮೆಲ್ಲಗೆ ಒತ್ತಿದರೆ ಸಣ್ಣ ಬಿಳಿ ಮೊಟ್ಟೆಗಳು ಹೊರಬಂದು ಸುತ್ತಲಿನ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಎರಡು ಮೂರು ವಾರ ಹೀಗೆ ನೂರಕ್ಕೂ ಹೆಚ್ಚು ಮೊಟ್ಟೆ ಹಾಕಿ ಚಿಗಟ ಅಲ್ಲೇ ಸಾಯುತ್ತದೆ. ಮಗು ಎಲ್ಲಿ ಕೂರುತ್ತದೋ, ಎಲ್ಲಿ ಮಲಗುತ್ತದೋ ಅಲ್ಲಿ ಆ ಮೊಟ್ಟೆಗಳು ಉದುರುತ್ತವೆ. ಮೂರು ನಾಲ್ಕು ದಿನಕ್ಕೆ ಮರಿ. ಇನ್ನೂ ಕೆಲವು ವಾರಕ್ಕೆ ಹೊಸ ಚಿಗಟ. ಮತ್ತೆ ಅದೇ ಕಾಲು.

ಇದು ಆಫ್ರಿಕಾದ ಹುಳ ಅಲ್ಲ. ಮೂಲ ದಕ್ಷಿಣ ಅಮೆರಿಕ. 1872ರಲ್ಲಿ ಬ್ರೆಜಿಲ್‌ನಿಂದ ಅಂಗೋಲಾಕ್ಕೆ ಬಂದ ಹಡಗಿನ ಮರಳಿನಲ್ಲಿ ಬಂತು ಎನ್ನುತ್ತಾರೆ. ವ್ಯಾಪಾರಿಗಳ, ಸೈನಿಕರ ಕಾಲಲ್ಲೇ ದಾಟುತ್ತಾ ಆ ಶತಮಾನ ಮುಗಿಯುವಷ್ಟರಲ್ಲಿ ಖಂಡದ ಪೂರ್ವ ಅಂಚು ಮುಟ್ಟಿತು. ಅಲ್ಲಿಂದ ಮರಳಿದವರ ಜೊತೆ ಮುಂಬಯಿಗೂ ಬಂದಿತ್ತು. ನಮ್ಮ ಪುಣ್ಯ, ಇಲ್ಲಿ ನೆಲೆ ನಿಲ್ಲಲಿಲ್ಲ.

ಒಂದು ಮನೆಯ ಹುಡುಗ ನನ್ನನ್ನು ಕಂಡ ಕೂಡಲೇ ಎರಡೂ ಪಾದಗಳನ್ನು ಮರಳಲ್ಲಿ ಹುದುಗಿಸಿದ. ಹಿಮ್ಮಡಿ ತುಂಬಾ ಬಿಲ್ಲೆಗಳು, ಉಗುರಿನ ಸುತ್ತ ಕೀವು. ಪಾದದ ಅಂಚಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದ. ಸ್ಕೂಲಿನಲ್ಲಿ ಪಕ್ಕ ಕೂರಲು ಯಾರೂ ಒಪ್ಪದೆ ಹೋಗುವುದನ್ನೇ ಬಿಟ್ಟಿದ್ದ. ಅಜ್ಜಿ ಸೆರಗಿನ ಗಂಟಿನಿಂದ ಪಿನ್ನು ತೆಗೆದು ತೋರಿಸಿದರು. “ದಿನಾ ಕೀಳ್ತೀನಿ ಮಗಳೇ, ಮುಗಿಯೋದೇ ಇಲ್ಲ. ಯಾರೋ ಮಾಟ ಮಾಡಿದ್ದಾರೆ.” ಮೊಮ್ಮಕ್ಕಳೆಲ್ಲರಿಗೂ ಅದೇ ಪಿನ್ನು.

ನನಗೆ ಆ ಪಿನ್ನಿನದೇ ಭಯ. ಒಂದೇ ಮೊನೆ ಕಾಲಿಂದ ಕಾಲಿಗೆ ಹೋದರೆ ಎಚ್ಐವಿ, ಹೆಪಟೈಟಿಸ್ ಹರಡಬಹುದು. ಮಣ್ಣು ಮೆತ್ತಿದ ಗಾಯಕ್ಕೆ ಧನುರ್ವಾಯು ಬರಬಹುದು. ಚಿಗಟದ ದೇಹ ಒಳಗೇ ಒಡೆದರೆ ಉರಿಯೂತ ಇನ್ನೂ ಜಾಸ್ತಿ. “ಅಜ್ಜಿ, ಪಿನ್ನು ಪಕ್ಕಕ್ಕಿಡಿ, ಒಂದು ವಾರ ನನ್ನ ಮಾತು ಕೇಳಿ” ಅಂದೆ. ಮಾಟದ ಮಾತಿಗೆ ವಾದ ಮಾಡಲಿಲ್ಲ. ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟೆ. ಮೊಟ್ಟೆ ಕಂಡ ಮೇಲೆ ಅವರೇ ಚಾಪೆ ಕಡೆ ತಿರುಗಿ ನೋಡಿದರು.

ಆಗ ಅಲ್ಲಿ ಹೆಚ್ಚಾಗಿ ಕೊಡುತ್ತಿದ್ದುದು ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿದ ನೇರಳೆ ನೀರು. ಅದರಲ್ಲಿ ಕಾಲು ಅದ್ದಿ ಕೂರಬೇಕಿತ್ತು. ನನ್ನ ನಂಬಿಕೆ ಇರುವುದು ಡೈಮೆಥಿಕೋನ್ ಎಂಬ ತೆಳುವಾದ ಸಿಲಿಕೋನ್ ಎಣ್ಣೆಯ ಮೇಲೆ. ಸೋಪು ಹಾಕಿ ಕಾಲು ತೊಳೆದು, ಒರೆಸಿ, ಪ್ರತಿ ಕಪ್ಪು ಚುಕ್ಕೆಯ ಮೇಲೂ ಹನಿ ಬಿಡಬೇಕು. ಎಣ್ಣೆ ಉಸಿರಾಟದ ರಂಧ್ರಕ್ಕೆ ಇಳಿಯುತ್ತದೆ, ಚಿಗಟ ಒಳಗೇ ಸಾಯುತ್ತದೆ. ಕೀನ್ಯಾದಲ್ಲೇ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏಳು ದಿನಕ್ಕೆ ಈ ಎಣ್ಣೆ ಹಚ್ಚಿದ ಚಿಗಟಗಳಲ್ಲಿ ಶೇ. 78 ಸತ್ತಿದ್ದವು, ನೇರಳೆ ನೀರಿನಲ್ಲಿ ಶೇ. 39. ಕುಯ್ಯುವುದು, ಚುಚ್ಚುವುದು ಇಲ್ಲದ್ದರಿಂದ ಮಕ್ಕಳು ಓಡಿಹೋಗುವುದಿಲ್ಲ. ನನಗೆ ಅದೇ ದೊಡ್ಡ ಗೆಲುವು.

ಆದರೆ ನೆಲ ಹಾಗೇ ಬಿಟ್ಟರೆ ಎಷ್ಟು ಎಣ್ಣೆ ಹಾಕಿದರೂ ಸುಮ್ನೆ. ಆ ಮನೆಯಲ್ಲಿ ಚಾಪೆ, ಬಟ್ಟೆಗಳನ್ನು ಉರಿಬಿಸಿಲಿಗೆ ಹಾಕಿಸಿದೆ. ದಿನಾ ನೀರು ಚಿಮುಕಿಸಿ ಗುಡಿಸಲು, ಸಂಜೆ ಸೋಪು ಹಾಕಿ ಕಾಲು ತೊಳೆಯಲು ಹೇಳಿದೆ. ಆದರೆ ನೀರು ಹೊರುವುದು ಹೆಂಗಸರು, ಅದೂ ದೂರದಿಂದ. ಕಾಲು ತೊಳೆಯಿರಿ ಅಂತ ಹೇಳಿ ಹೊರಟುಬಿಡುವುದು ಸುಲಭ, ಅಲ್ವಾ? ಅದಕ್ಕೇ ಒಂದೇ ಬೋಗುಣಿ ನೀರಲ್ಲಿ ಎಲ್ಲರ ಕಾಲನ್ನೂ ಹೇಗೆ ತೊಳೆಯಬಹುದು ಅಂತ ಕೂತು ತೋರಿಸಿದೆ. ಚೊಂಬಿನಲ್ಲಿ ತೆಗೆದು ಸುರಿಯಬೇಕು, ಬೋಗುಣಿಯೊಳಗೆ ಯಾರೂ ಕಾಲಿಡಬಾರದು. ನಾಯಿ, ಬೆಕ್ಕು, ಆಡು, ಇಲಿಯಲ್ಲೂ ಈ ಚಿಗಟ ಬೆಳೆಯುತ್ತದೆ. ಹಾಗಾಗಿ ಮನೆಯೊಳಗೆ ಮಲಗುತ್ತಿದ್ದ ಆಡುಗಳಿಗೆ ಹೊರಗೆ ದೊಡ್ಡಿ ಆಯಿತು.

ಗಟ್ಟಿ ನೆಲ ಹಾಕಿಸುವುದೇ ನಿಜವಾದ ಪರಿಹಾರ ಅಂತ ನನ್ನ ಗಟ್ಟಿ ಅಭಿಪ್ರಾಯ. ಇಡೀ ಮನೆಗೆ ಆಗದಿದ್ದರೆ ಮಕ್ಕಳು ಮಲಗುವ ಕೋಣೆಗಾದರೂ ತೆಳುವಾಗಿ ಸಿಮೆಂಟು ಬೇಕು. ಬಿರುಕು ಬಿಟ್ಟ ಕಡೆ ಮತ್ತೆ ಮೆತ್ತಬೇಕು. ಮಾತ್ರೆ, ಎಣ್ಣೆಗೆ ದುಡ್ಡು ಕೊಡುವವರು ಸಿಗುತ್ತಾರೆ, ಸಿಮೆಂಟು ಚೀಲಕ್ಕೆ ಕೊಡುವವರು ಕಡಿಮೆ. ಇದು ನನಗೆ ಇವತ್ತಿಗೂ ಸಂಕಟ.

ಕೆಲಸಕ್ಕೋ ಪ್ರವಾಸಕ್ಕೋ ಪೂರ್ವ ಆಫ್ರಿಕಾದ ಹಳ್ಳಿಗಳಿಗೆ, ಬ್ರೆಜಿಲ್‌ಗೆ ಹೋಗುವ ನಮ್ಮವರು ಮುಚ್ಚಿದ ಶೂ ಹಾಕಿ, ರಾತ್ರಿ ಬೆರಳ ಸಂದು, ಉಗುರಿನ ಅಂಚು, ಹಿಮ್ಮಡಿ ನೋಡಿಕೊಳ್ಳಿ. ಧನುರ್ವಾಯು ಲಸಿಕೆ ಬಾಕಿ ಇದ್ದರೆ ಮೊದಲೇ ಹಾಕಿಸಿಕೊಳ್ಳಿ. ಊರಿಗೆ ಬಂದ ಮೇಲೆ ನಡುವೆ ಕಪ್ಪು ಚುಕ್ಕೆಯ, ತುರಿಸುವ ಗಂಟು ಕಂಡರೆ ಡಾಕ್ಟರಿಗೆ ತೋರಿಸುವಾಗ ಎಲ್ಲಿಗೆ ಹೋಗಿದ್ದಿರಿ ಅನ್ನುವುದನ್ನೂ ಹೇಳಿ. ಇಲ್ಲಿ ಅಪರೂಪದ ಕಾಯಿಲೆ, ಆಣಿ ಅಂದುಕೊಳ್ಳುವ ಸಾಧ್ಯತೆ ಇದೆ.