17 ಕೆಲ್ವಿನ್‌ನಲ್ಲಿ ಬಾಗಿದ ಗೆರೆ

ಅತಿವಾಹಕಕ್ಕೂ (ತಣಿಸಿದಾಗ ವಿದ್ಯುತ್ತಿಗೆ ಒಂದಿಷ್ಟೂ ರೋಧ ಒಡ್ಡದ ವಸ್ತು) ಕಬ್ಬಿಣಕ್ಕೂ ಆಗಿಬರುವುದಿಲ್ಲ ಅಂತಲೇ ನಾವೆಲ್ಲ ಓದಿದ್ದು. ಕಾಂತಗುಣದ ಪರಮಾಣು ಒಂದಿಷ್ಟು ಬೆರೆತರೂ ರೋಧವಿಲ್ಲದೆ ವಿದ್ಯುತ್ ಹೊರುವ ಎಲೆಕ್ಟ್ರಾನ್ ಜೋಡಿಗಳು ಮುರಿದುಹೋಗುತ್ತವೆ ಎಂಬುದು ಪಾಠ. 2008ರಲ್ಲಿ ಟೋಕಿಯೋದ ಹಿಡಿಯೊ ಹೊಸೊನೊ ತಂಡ, ಕಬ್ಬಿಣ-ಆರ್ಸೆನಿಕ್ ಇರುವ ವಸ್ತುವೊಂದು ಸುಮಾರು ಮೈನಸ್ 247 ಡಿಗ್ರಿ ಸೆಲ್ಸಿಯಸ್, ಅಂದರೆ 26 ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದನ್ನು ತೋರಿಸಿತು. ನಾನು ಈ ಕೆಲಸಕ್ಕೆ ಇಳಿದಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ.

ನನ್ನ ಪಾಲಿಗೆ ಬಂದದ್ದು ಬೇರಿಯಂ, ಕಬ್ಬಿಣ, ಆರ್ಸೆನಿಕ್ ಸೇರಿದ ಹರಳು. ಸುಮಾರು 140 ಕೆಲ್ವಿನ್‌ಗಿಂತ ಕೆಳಗೆ ಅದರಲ್ಲಿನ ಕಬ್ಬಿಣದ ಪರಮಾಣುಗಳ ಪುಟ್ಟ ಕಾಂತಗಳು, ಅಂದರೆ ಸ್ಪಿನ್‌ಗಳು ಪಟ್ಟೆಪಟ್ಟೆಯಾಗಿ ನಿಲ್ಲುತ್ತವೆ. ಒಂದು ಸಾಲು ಈ ಕಡೆ ಮುಖ, ಪಕ್ಕದ ಸಾಲು ಆ ಕಡೆ ಮುಖ. ಕಬ್ಬಿಣದ ಜಾಗದಲ್ಲಿ ಚೂರು ಕೋಬಾಲ್ಟ್ ಸೇರಿಸುತ್ತಾ ಹೋದರೆ ಈ ಜೋಡಣೆ ಸೊರಗುತ್ತದೆ, ಅತಿವಾಹಕತೆ ತಲೆ ಎತ್ತುತ್ತದೆ. ನಡುವೆ ಒಂದು ಕಿರಿದಾದ ಪಟ್ಟಿಯಲ್ಲಿ ಎರಡೂ ಒಂದೇ ಹರಳಿನಲ್ಲಿ ಸಿಗುತ್ತವೆ. ನನಗೆ ಬೇಕಿದ್ದದ್ದು ಆ ಪಟ್ಟಿಯ ಹರಳು.

ಮೊದಲು ಕಬ್ಬಿಣ-ಆರ್ಸೆನಿಕ್ ಪುಡಿ ಮಾಡಿಕೊಳ್ಳಬೇಕು. ಆರ್ಸೆನಿಕ್ ಅಂದರೆ ಪಾಷಾಣ, ಎಲ್ಲಾ ಕೆಲಸ ಗ್ಲೋವ್ ಬಾಕ್ಸ್ ಎಂಬ ಮುಚ್ಚಿದ ಪೆಟ್ಟಿಗೆಯ ಒಳಗೇ. ಆ ಪುಡಿ, ಬೇರಿಯಂ, ಕೋಬಾಲ್ಟ್ ಎಲ್ಲಾ ಮೂಸೆಗೆ ಹಾಕಿ, ಮೂಸೆಯನ್ನು ಕ್ವಾರ್ಟ್ಜ್ ಕೊಳವೆಯಲ್ಲಿ ಮುಚ್ಚಿ, 1180 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, 36 ಗಂಟೆಯಲ್ಲಿ ನಿಧಾನವಾಗಿ 1000ಕ್ಕೆ ಇಳಿಸುತ್ತೇವೆ. ಆಮೇಲಿನದು ಕೆಲವೇ ಸೆಕೆಂಡಿನ ಆಟ. ಕೆಂಪಗೆ ಕಾದ ಕೊಳವೆಯನ್ನು ಇಕ್ಕಳದಲ್ಲಿ ಎತ್ತಿ, ತಲೆಕೆಳಗು ಮಾಡಿ ಸೆಂಟ್ರಿಫ್ಯೂಜ್‌ಗೆ ಇಳಿಸಿ ತಿರುಗಿಸಬೇಕು. ಉಳಿದ ದ್ರವ ಕೆಳಗಿಳಿದು ಹರಳು ಮೇಲೆ ಉಳಿಯುತ್ತದೆ. ಮೊದಲ ಸಲ ನಾನು ತಡಬಡಾಯಿಸಿದೆ. ಅಷ್ಟರಲ್ಲಿ ದ್ರವ ಗಟ್ಟಿಯಾಗಿ, ಹರಳೆಲ್ಲ ಅದರೊಳಗೇ ಹೂತುಹೋಯಿತು. ವಾರದ ಕೆಲಸ ಕಪ್ಪು ಗಡ್ಡೆಯಾಯಿತು. ಮೂರನೇ ಸಲಕ್ಕೆ ಕನ್ನಡಿಯಂತೆ ಹೊಳೆಯುವ ತೆಳು ಬಿಲ್ಲೆಗಳು ಸಿಕ್ಕವು.

ಇನ್ನೊಂದು ಮಾತು. ಹಾಕಿದಷ್ಟು ಕೋಬಾಲ್ಟ್ ಹರಳಿಗೆ ಹೋಗಿರುವುದಿಲ್ಲ. ನಾನು ಹಾಕಿದ್ದು 6.25 ಶೇಕಡಾ, ಎಕ್ಸ್-ರೇಯಲ್ಲಿ ಅಳೆದಾಗ ಸಿಕ್ಕಿದ್ದು 4.7ರ ಆಸುಪಾಸು. ಹಾಕಿದ ಲೆಕ್ಕವನ್ನೇ ನಂಬಿ ಗ್ರಾಫ್ ಬರೆದವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಚಿನ್ನದ ನಾಲ್ಕು ಎಳೆ ಅಂಟಿಸಿ ರೋಧ ಅಳೆದೆ. 60 ಕೆಲ್ವಿನ್ ಹತ್ತಿರ ಹರಳಿನ ಆಕಾರ ಬದಲಾದ ಗುರುತು, 47ರ ಹತ್ತಿರ ಕಾಂತ ಜೋಡಣೆಯದು, 17ರಲ್ಲಿ ರೋಧ ಸೊನ್ನೆ. ಆದರೆ ಸೊನ್ನೆಯಾದ ಮೇಲೆ ರೋಧ ಏನೂ ಹೇಳುವುದಿಲ್ಲ. ಕಾಂತ ಜೋಡಣೆಗೆ ಅಲ್ಲಿಂದ ಮುಂದೆ ಏನಾಯಿತು? ಅದಕ್ಕೆ ತಾನೇ ಪುಟ್ಟ ಕಾಂತದಂತಿರುವ ನ್ಯೂಟ್ರಾನೇ ಬೇಕು.

ಫ್ರಾನ್ಸಿನ ಗ್ರೆನೋಬಲ್‌ನ ಐಎಲ್ಎಲ್ ಎಂಬ ನ್ಯೂಟ್ರಾನ್ ಸಂಶೋಧನಾ ರಿಯಾಕ್ಟರ್‌ನಲ್ಲಿ ನಮಗೆ ಕೆಲವು ದಿನ ಸಿಕ್ಕಿತ್ತು. ಹರಳಿಗೆ ಬಡಿದು ಚದುರುವ ನ್ಯೂಟ್ರಾನುಗಳನ್ನು ಒಂದೊಂದು ದಿಕ್ಕಿನಲ್ಲೂ ಎಣಿಸುತ್ತೇವೆ; ಪಟ್ಟೆ ಜೋಡಣೆ ಇದ್ದರೆ, ಹರಳಿನ ಲೆಕ್ಕದಲ್ಲಿ ಅರ್ಧ, ಅರ್ಧ, 3 ಎಂದು ಗುರುತಿಸುವ ಜಾಗದಲ್ಲಿ ಎಣಿಕೆ ಏರಿ ಚಿಕ್ಕ ಶಿಖರ ಕಾಣಬೇಕು. ಕಂಡಿತು. ಕುಣಿದಾಡುವುದೊಂದು ಬಾಕಿ. 200 ಕೆಲ್ವಿನ್‌ಗೆ ಬಿಸಿ ಮಾಡಿದರೂ ಅದು ಹಾಗೇ ಇತ್ತು! ಕಾಂತ ಜೋಡಣೆ ಅಲ್ಲಿ ಇರಲು ಸಾಧ್ಯವೇ ಇಲ್ಲ. ರಾತ್ರಿ ಎರಡು ಗಂಟೆಗೆ ಹೊಳೆಯಿತು: ಹರಳನ್ನು ನೇರ ಮಾಡುವಾಗ ಬೇಡದ ತರಂಗಾಂತರದ ನ್ಯೂಟ್ರಾನ್ ತಡೆಯುವ ಗ್ರಾಫೈಟ್ ಫಿಲ್ಟರ್ ತೆಗೆದಿದ್ದೆ, ವಾಪಸ್ ಹಾಕಿರಲಿಲ್ಲ. ಅರ್ಧ ತರಂಗಾಂತರದ ನ್ಯೂಟ್ರಾನ್‌ಗಳು ನುಸುಳಿ, ಕಾಂತಕ್ಕೆ ಸಂಬಂಧವೇ ಇಲ್ಲದ 1, 1, 6ರ ಮಾಮೂಲಿ ಶಿಖರವನ್ನೇ ಆ ಜಾಗದಲ್ಲಿ ತೋರಿಸುತ್ತಿದ್ದವು. ಫಿಲ್ಟರ್ ಇಟ್ಟೆ. 200ರಲ್ಲಿ ಬರೀ ಹಿನ್ನೆಲೆ ಎಣಿಕೆ ಉಳಿಯಿತು. ಆರು ಗಂಟೆ ಸುಮ್ನೆ ಹೋಯಿತು.

ಮತ್ತೆ ತಣಿಸುತ್ತಾ ಬಂದೆವು. 47ರಿಂದ ಶಿಖರ ಏರತೊಡಗಿತು. 30, 25, 20, ಏರುತ್ತಲೇ ಇತ್ತು. 17 ದಾಟಿದ ಮೇಲೆ ಒಂದೊಂದೇ ಬಿಂದು ಕೆಳಗೆ ಬೀಳತೊಡಗಿತು. ಗೆರೆ ಬಾಗಿತು. ಹೊಸ ಶೋಧವೇನಲ್ಲ, 2009ರಲ್ಲೇ ಅಮೆರಿಕದ ಎರಡು ತಂಡಗಳು ಇದನ್ನು ಪ್ರಕಟಿಸಿದ್ದವು. ಆದರೂ ನಾನೇ ಬೆಳೆಸಿದ ಹರಳಿನಲ್ಲಿ ನೋಡುವುದು ಬೇರೆ, ಅಲ್ವಾ?

ಹರಳಿನ ಒಂದು ಭಾಗದಲ್ಲಿ ಕಾಂತ, ಇನ್ನೊಂದು ಭಾಗದಲ್ಲಿ ಅತಿವಾಹಕತೆ ಅಂತ ತಮ್ಮ ಪಾಡಿಗೆ ತಾವಿದ್ದರೆ 17ರಲ್ಲಿ ಶಿಖರಕ್ಕೆ ಏನೂ ಆಗಬೇಕಿರಲಿಲ್ಲ. ಕುಗ್ಗಿತು ಅಂದರೆ ಎರಡೂ ಒಂದೇ ಬಾವಿಗೆ ಹಗ್ಗ ಬಿಟ್ಟಿವೆ, ಸೇದುವುದು ಅದೇ ಎಲೆಕ್ಟ್ರಾನ್‌ಗಳನ್ನು. ಹಾಗಂತ ಕಾಂತಗುಣವೇ ಶತ್ರು ಅನ್ನಲು ನಾನು ಒಪ್ಪುವುದಿಲ್ಲ. ಗಟ್ಟಿಯಾಗಿ ನಿಂತ ಜೋಡಣೆ ಅಡ್ಡಿ, ಸರಿ. ಆದರೆ ನಿಲ್ಲದೆ ಅಲುಗಾಡುವ ಸ್ಪಿನ್‌ಗಳೇ ಎಲೆಕ್ಟ್ರಾನ್‌ಗಳನ್ನು ಜೋಡಿ ಮಾಡುತ್ತವೆ ಎಂದು ನಂಬುವವರು ಈ ಕ್ಷೇತ್ರದಲ್ಲಿ ಬಹಳ ಜನ, ನಾನೂ ಅವರ ಕಡೆಯೇ. ಕಬ್ಬಿಣ-ಸೆಲೆನಿಯಂ ನೋಡಿ: ಮಾಮೂಲಿ ಒತ್ತಡದಲ್ಲಿ ಕಾಂತ ಜೋಡಣೆಯೇ ಇಲ್ಲ, ಆದರೂ 8 ಕೆಲ್ವಿನ್‌ನಲ್ಲಿ ಅತಿವಾಹಕ. ಸ್ಪಿನ್‌ಗಳ ಅಲುಗಾಟ ಮಾತ್ರ ಅಲ್ಲೂ ಇದೆ.

ಕೊನೆಯ ದಿನ ಹರಳನ್ನು ಬ್ಯಾಗಿಗೆ ಹಾಕಿಕೊಂಡು ಹೊರಡೋಣ ಅಂದರೆ ವಿಕಿರಣ ತಪಾಸಣೆಯವರು ಬಿಡಲಿಲ್ಲ. ನ್ಯೂಟ್ರಾನ್ ತಿಂದ ಆರ್ಸೆನಿಕ್ಕಿನ ವಿಕಿರಣ ಅರ್ಧಕ್ಕಿಳಿಯಲು 26 ಗಂಟೆ ಸಾಕು, ಕೋಬಾಲ್ಟ್‌ಗೆ 5 ವರ್ಷಕ್ಕೂ ಜಾಸ್ತಿ. ಹರಳು ಸೀಸದ ಕಪಾಟಿಗೆ ಹೋಯಿತು, ನಾನು ಖಾಲಿ ಡಬ್ಬಿ ಹಿಡಿದು ರೈಲು ಹತ್ತಿದೆ.