ಒಂದು ಮೊಟ್ಟೆಗೆ ಜಾಸ್ತಿ ನೀರು, ಏಳಕ್ಕೆ ಕಡಿಮೆ!

ಎಗ್ ಬಾಯ್ಲರ್ ತಂದ ಮೊದಲ ದಿನ ನಾನೊಂದು ಪೆದ್ದು ಕೆಲಸ ಮಾಡಿದೆ. ಬೇಯಿಸಬೇಕಾದದ್ದು ಎರಡೇ ಮೊಟ್ಟೆ, ಅದಕ್ಕೆ ಇಷ್ಟು ನೀರು ಯಾಕೆ ಅಂತ ಅಳತೆ ಲೋಟದ ಗೆರೆ ಬಿಟ್ಟು ಅರ್ಧದಷ್ಟೇ ಸುರಿದೆ. ಮೆಷಿನ್ ಬೇಗನೆ ಆಫ್ ಆಯಿತು. ಸಿಪ್ಪೆ ಒಡೆದರೆ ಬಿಳಿ ಭಾಗವೇ ಲೋಳೆಲೋಳೆ.

ಈ ಮೆಷಿನ್‌ಗೆ ನೀರೇ ಗಡಿಯಾರ. ಕೆಳಗಿನ ತಟ್ಟೆ ಕಾದು ನೀರು ಹಬೆಯಾಗುತ್ತದೆ, ಹಬೆಯಲ್ಲಿ ಮೊಟ್ಟೆ ಬೇಯುತ್ತದೆ. ನೀರು ಪೂರ್ತಿ ಆರಿದ ಮೇಲೆ ತಟ್ಟೆಯ ಬಿಸಿ 100 ಡಿಗ್ರಿ ದಾಟಿ ಏರುತ್ತದೆ, ಆಗ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ. ಮೊಟ್ಟೆ ಜಾಸ್ತಿ ಇದ್ದರೆ ಹೆಚ್ಚು ಹಬೆ ತಣ್ಣನೆಯ ಸಿಪ್ಪೆಗೆ ತಾಗಿ ಮತ್ತೆ ನೀರಾಗಿ ತಟ್ಟೆಗೇ ತೊಟ್ಟಿಕ್ಕುತ್ತದೆ, ಇನ್ನೊಮ್ಮೆ ಕುದಿಯುತ್ತದೆ. ಅದಕ್ಕೇ ಏಳು ಮೊಟ್ಟೆಗೆ ಕಡಿಮೆ ನೀರು ಸಾಕು, ಒಂದಕ್ಕೆ ಜಾಸ್ತಿ ಬೇಕು. ತಲೆಕೆಳಗಾದ ಲೆಕ್ಕ, ಅಲ್ವಾ?

ಈಗ ಕೆಲಸಕ್ಕೆ ಬರೋಣ. ಫ್ರಿಜ್‌ನಲ್ಲಿದ್ದ ಮೊಟ್ಟೆಯನ್ನು ಸ್ವಲ್ಪ ಹೊತ್ತು ಮೊದಲೇ ಹೊರಗಿಡಿ. ಲೋಟದ ತಳ ತಿರುಗಿಸಿ ನೋಡಿ, ಸಾಮಾನ್ಯವಾಗಿ ಅಲ್ಲೊಂದು ಚಿಕ್ಕ ಪಿನ್ ಇರುತ್ತದೆ. ಬೆರಳು ಜೋಪಾನ. ಮೊಟ್ಟೆಯ ಅಗಲ ತುದಿಯಲ್ಲಿ ಒಳಗೆ ಗಾಳಿ ಇರುತ್ತದೆ. ಆ ತುದಿಯನ್ನು ಪಿನ್ ಮೇಲಿಟ್ಟು ಮೆಲ್ಲಗೆ ಒತ್ತಿ, ‘ಟಿಕ್’ ಅಂದರೆ ಸಾಕು. ಬಿಸಿಗೆ ಹಿಗ್ಗಿದ ಗಾಳಿ ಹೊರಹೋಗಲು ದಾರಿಯಾಯಿತು, ಸಿಪ್ಪೆ ಬಿರಿಯುವುದು ಕಡಿಮೆ.

ಲೋಟದ ಮೇಲೆ ಸಾಫ್ಟ್, ಮೀಡಿಯಂ, ಹಾರ್ಡ್ ಅಂತ ಗೆರೆಗಳಿರುತ್ತವೆ. ಗಟ್ಟಿಯಾಗಿ ಬೇಯಬೇಕಾದರೆ ಹಾರ್ಡ್ ಸಾಲಿನಲ್ಲಿ ನಿಮ್ಮ ಮೊಟ್ಟೆಗಳ ಸಂಖ್ಯೆ ಹುಡುಕಿ, ಅಲ್ಲಿವರೆಗೆ ನೀರು ತುಂಬಿ ತಟ್ಟೆಗೆ ಸುರಿಯಿರಿ. ಚುಚ್ಚಿದ ತುದಿ ಮೇಲೆ ಬರುವಂತೆ ಮೊಟ್ಟೆ ಕೂರಿಸಿ, ಮುಚ್ಚಳ ಮುಚ್ಚಿ, ಸ್ವಿಚ್ ಹಾಕಿ. ನಾಟಿ ಕೋಳಿ ಮೊಟ್ಟೆ ಚಿಕ್ಕದು, ಬೇಗ ಬೇಯುತ್ತದೆ. ಅದಕ್ಕೆ ನೀರು ಒಂದು ಚಮಚ ಕಡಿಮೆ ಮಾಡಿ ನೋಡಿ.

ಆಫ್ ಆಯಿತೆಂದು ಮೊಟ್ಟೆಯನ್ನು ಅಲ್ಲೇ ಬಿಡಬೇಡಿ. ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ, ಹಳದಿಯ ಸುತ್ತ ಹಸಿರು ಉಂಗುರ ಬರುತ್ತದೆ. ಹಳದಿಯ ಕಬ್ಬಿಣದ ಅಂಶ ಬಿಳಿಯ ಗಂಧಕದ ಜೊತೆ ಸೇರಿದ್ದರ ಗುರುತು ಅದು. ತಿನ್ನಲು ತೊಂದರೆಯಿಲ್ಲ, ನೋಡಲಷ್ಟೇ ಚೆನ್ನಾಗಿರಲ್ಲ. ಪ್ಲಗ್ ತೆಗೆಯಿರಿ. ಕೆಲವು ಮಾಡೆಲ್‌ಗಳು ತಣ್ಣಗಾದ ಮೇಲೆ ತಾವಾಗೇ ಮತ್ತೆ ಕಾಯತೊಡಗುತ್ತವೆ. ಮುಚ್ಚಳವನ್ನು ನಿಮ್ಮಿಂದ ಆಚೆ ಕಡೆಗೆ ಓರೆಯಾಗಿ ಎತ್ತಿ, ಹಬೆ ಮುಖಕ್ಕೆ ಹೊಡೆಯಬಾರದು. ಮೊಟ್ಟೆಗಳನ್ನು ಐದಾರು ನಿಮಿಷ ತಣ್ಣೀರಲ್ಲಿ ಹಾಕಿ.

ಸಿಪ್ಪೆ ಸುಲಿಯುವಾಗ ಬಿಳಿಯೂ ಕಿತ್ತು ಬಂದರೆ ಮೆಷಿನ್ ಬೈಯಬೇಡಿ. ತೀರಾ ತಾಜಾ ಮೊಟ್ಟೆಯ ಬಿಳಿ ಒಳಪೊರೆಗೆ ಅಂಟಿಕೊಂಡಿರುತ್ತದೆ. ವಾರದ ಹಿಂದೆ ತಂದದ್ದು ಸಲೀಸಾಗಿ ಸುಲಿಯುತ್ತದೆ. ಮೊಟ್ಟೆ ಸಾರಿಗೆ ಇಡೀ ಮೊಟ್ಟೆ ಬೇಕೆಂದರೆ ಅದನ್ನೇ ಆರಿಸಿ.

ಬೋರ್‌ವೆಲ್ ನೀರು ಹಾಕಿದರೆ ತಟ್ಟೆಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ತಣ್ಣಗಾದ ತಟ್ಟೆಗೆ ನಿಂಬೆರಸ ಹಾಕಿ ಅರ್ಧ ಗಂಟೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ. ನಲ್ಲಿ ಕೆಳಗೆ ಮಾತ್ರ ಹಿಡಿಯಬೇಡಿ, ತಟ್ಟೆಯ ಅಡಿಯಲ್ಲೇ ವೈರಿಂಗ್ ಇದೆ.